ಎಂಟು ಗಂಟೆಯ ಪ್ರಾರ್ಥನೆ, ಅಂಗಳದ ಗೋಡೆ

ಕರ್ತನಲ್ಲಿ ಪ್ರಿಯ ಸಹೋದರರೇ, ವಂದನೆಗಳು.

ಬೆಟಗೇರಿಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯಬೇಕಲ್ಲ, ಅದಕ್ಕಾಗಿ ಪತ್ರದ ಸಾರವನ್ನಷ್ಟು ಹೇಳಿಬಿಡುತ್ತೇನೆ.

ನೀವು ದಿನವೂ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಕೆಲಸ ಮುಗಿಸಿ, ಕತ್ತಲಾದ ಮೇಲೆ ಮನೆ ಸೇರುತ್ತೀರಿ. ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆ ನಿಮ್ಮ ತಂದೆಯ ಕಾಲದಿಂದ ನಡೆದುಬಂದ ನೇಮ. ಈಗ ಪಿಯುಸಿ ಓದುವ ಮಗ ಪ್ರಾರ್ಥನೆಗೆ ಕರೆದರೆ ಮೊಬೈಲ್ ಹಿಡಿದು ಮಾಳಿಗೆ ಹತ್ತುತ್ತಾನೆ. ನಿಮ್ಮ ಮನೆಯವರು ‘ರೊಟ್ಟಿ ಮುಗಿಯಲಿ’ ಎನ್ನುತ್ತಾರೆ. ಪಂಚಮಿಗೆ ಪಕ್ಕದ ಮನೆಯಿಂದ ಉಂಡಿ ಬಂದಾಗ ನೀವು ಬೇಡವೆಂದರೂ ಅವರು ಇಸಿದುಕೊಂಡರು, ಮಕ್ಕಳು ತಿಂದರು, ರಾತ್ರಿ ದೊಡ್ಡ ಜಗಳವಾಯಿತು. ‘ನಾನೂ ನನ್ನ ಮನೆಯವರೂ ಯೆಹೋವನನ್ನೇ ಸೇವಿಸುವೆವು ಎಂದು ಬಾಗಿಲ ಮೇಲೆ ಬರೆಸಿದ್ದೇನೆ, ಒಳಗೆ ನನ್ನ ಮಾತು ಕೇಳುವವರೇ ಇಲ್ಲ’ ಎಂದು ನೊಂದುಕೊಂಡಿದ್ದೀರಿ. ಮನೆಯಲ್ಲಿ ವಿಶ್ವಾಸ ಉಳಿಸಿಕೊಳ್ಳಲು ಏನು ಮಾಡಬೇಕು, ಪ್ರಾರ್ಥನೆಯ ಒಳ್ಳೆಯ ಪುಸ್ತಕ ಯಾವುದು ಎಂದು ಕೇಳಿದ್ದೀರಿ.

ಇದಿಷ್ಟಕ್ಕೆ ಮೂರು ಪುಟ. ನಾಲ್ಕನೆಯ ಪುಟದ ತುದಿಯಲ್ಲಿ, ಬರೆಯಬೇಕೋ ಬೇಡವೋ ಎಂಬಂತೆ, ಇನ್ನೊಂದು ಸಂಗತಿ ಇದೆ. ತಂದೆ ತೀರಿಕೊಂಡ ಮೇಲೆ ಮನೆ ಪಾಲಾಯಿತು, ಬಚ್ಚಲಿನ ಕಡೆಯ ಎರಡು ಅಡಿ ಜಾಗಕ್ಕಾಗಿ ತಮ್ಮನೊಂದಿಗೆ ಮಾತು ಬಿಟ್ಟುಹೋಯಿತು, ಅಂಗಳದ ನಡುವೆ ಗೋಡೆ ಎದ್ದಿತು. ತಾಯಿಯವರು ಗೋಡೆಯ ಆ ಕಡೆ ಇದ್ದಾರೆ, ‘ಅವರ ಔಷಧದ ಖರ್ಚು ತಮ್ಮನೇ ನೋಡಿಕೊಳ್ಳುತ್ತಾನೆ’. ಹಾವೇರಿಯಲ್ಲಿರುವ ತಂಗಿಗೆ ‘ಮದುವೆಯಲ್ಲೇ ಕೊಟ್ಟಾಗಿದೆ’. ಇದರ ಬೆನ್ನಿಗೇ, ಏನೇ ಆದರೂ ದಶಮಾಂಶವನ್ನು, ಅಂದರೆ ದುಡಿಮೆಯಲ್ಲಿ ದೇವರಿಗೆಂದು ಕೊಡುವ ಹತ್ತನೆಯ ಒಂದು ಪಾಲನ್ನು, ಒಂದು ತಿಂಗಳೂ ತಪ್ಪಿಸಿಲ್ಲ, ದೇವಾಲಯದ ಕಟ್ಟಡ ನಿಧಿಗೂ ಕೊಟ್ಟಿದ್ದೇನೆ ಎಂದು ಸೇರಿಸಿದ್ದೀರಿ.

ನನ್ನ ಉತ್ತರವೆಲ್ಲ ಆ ನಾಲ್ಕನೆಯ ಪುಟಕ್ಕೇ. ಆದರೆ ನೀವು ಕೇಳಿದ್ದನ್ನು ಬಿಟ್ಟು ಕೇಳದ್ದಕ್ಕೆ ಹೊರಟರೆ ಸಂಪಾದಕನಿಗೆ ಉದ್ಧಟತನ ಎನ್ನುತ್ತೀರಿ. ಮೊದಲು ಸುಲಭದ್ದನ್ನು ಮುಗಿಸೋಣ.

ಉಂಡಿಯ ಪ್ರಶ್ನೆ ಪೌಲನ ಕಾಲದಷ್ಟು ಹಳೆಯದು. ಕೊರಿಂಥದ ಸಂತೆಯಲ್ಲಿ ಮಾರುವ ಮಾಂಸ ಎಷ್ಟೋ ಸಲ ಗುಡಿಗಳಿಂದ ಬಂದದ್ದಾಗಿರುತ್ತಿತ್ತು. ಆ ಸಭೆಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಅವನು ಹೇಳುವುದು ಸ್ಪಷ್ಟವಾಗಿದೆ: ನಂಬದವರು ಊಟಕ್ಕೆ ಕರೆದು, ನಿಮಗೂ ಹೋಗಲು ಮನಸ್ಸಿದ್ದರೆ, ಬಡಿಸಿದ್ದನ್ನು ಏನೂ ವಿಚಾರಿಸದೆ ತಿನ್ನಿರಿ, ಇದು ವಿಗ್ರಹಕ್ಕೆ ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ಬಿಡಿರಿ. ಪಂಚಮಿಗೆ ನಮ್ಮ ಕಡೆ ಮನೆಯ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಎಂದು ಡಬ್ಬಿಗಳು ತುಂಬಿ ಓಣಿಯೆಲ್ಲ ಹಂಚಿಕೆಯಾಗುತ್ತದೆ. ಆ ಹಂಚಿಕೆಯಲ್ಲಿ ನಿಮ್ಮ ಬಾಗಿಲನ್ನು ಬಿಟ್ಟು ಮುಂದೆ ಹೋಗದೆ ಇರುವ ನೆರೆಯವರು ನಿಮಗಿದ್ದಾರೆ. ನಿಮ್ಮ ಮನಸ್ಸು ಒಪ್ಪದಿದ್ದರೆ ನೀವು ತಿನ್ನಬೇಡಿ, ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯ ಆ ಸ್ವಾತಂತ್ರ್ಯವನ್ನು ನಿಮಗೆ ಕೊಡುತ್ತದೆ. ತಿನ್ನುವವರ ಮೇಲೆ ತೀರ್ಪು ಹೇಳುವ ಅಧಿಕಾರವನ್ನು ಅದೇ ಅಧ್ಯಾಯ ಕಿತ್ತುಕೊಳ್ಳುತ್ತದೆ. ಡಿಸೆಂಬರಿನಲ್ಲಿ ನಿಮ್ಮ ಮನೆಯ ಕರ್ಚಿಕಾಯಿ, ಚಕ್ಕುಲಿ ಅದೇ ಪಕ್ಕದ ಮನೆಗೆ ಹೋಗುತ್ತವೆಯಷ್ಟೇ? ಅವರು ಎಂದಾದರೂ ಹಿಂದಿರುಗಿಸಿದ್ದಾರೆಯೇ?

ಇನ್ನು ರೊಟ್ಟಿ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಹಂಚು ಕಾದಿರುವಾಗ ‘ಪ್ರಾರ್ಥನೆಗೆ ಬಾ’ ಎಂದು ಕೂಗಿದರೆ ಬರುವವರು ಯಾರು? ಅರ್ಧ ಗಂಟೆ ಬಿಟ್ಟು ಬಂದು ಬಡಿದರೆ ಅಂಚೆಲ್ಲ ಬಿರಿಯುತ್ತದೆ, ಆ ಬಿರಿದ ರೊಟ್ಟಿಗೆ ಊಟದ ಹೊತ್ತಿನಲ್ಲಿ ನೀವೇ ಮುಖ ಗಂಟಿಕ್ಕುತ್ತೀರಿ. ಉಪಚಾರದ ಗಡಿಬಿಡಿಯಲ್ಲಿದ್ದ ಮಾರ್ಥಳಿಗಿಂತ ತನ್ನ ಮಾತು ಕೇಳುತ್ತ ಕೂತ ಮರಿಯಳನ್ನು ಯೇಸು ಮೆಚ್ಚಿದ ಕಥೆಯನ್ನು ಹೆಂಗಸರಿಗೆ ಬುದ್ಧಿ ಹೇಳಲು ಬಳಸುವ ಗಂಡಸರು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದವರೆಗೆ ಬರುವುದೇ ಇಲ್ಲವೇನೋ. ಪುನರುತ್ಥಾನವಾದ ಯೇಸು ಸ್ವಾಮಿ ರಾತ್ರಿಯಿಡೀ ದುಡಿದು ದಣಿದ ಶಿಷ್ಯರಿಗಾಗಿ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾದಿದ್ದರು. ‘ಬನ್ನಿ, ಊಟ ಮಾಡಿ’ ಎಂದ ಮೇಲೆಯೇ ಪೇತ್ರನೊಂದಿಗೆ ದೊಡ್ಡ ಮಾತು. ಊಟವಾದ ಮೇಲೆ ಒಂಬತ್ತಕ್ಕೆ ಪ್ರಾರ್ಥನೆ ಇಟ್ಟುಕೊಳ್ಳಿ. ಎಂಟು ಗಂಟೆ ಎಂಬುದು ಸೀನಾಯಿ ಬೆಟ್ಟದಿಂದ ಇಳಿದು ಬಂದದ್ದಲ್ಲ.

ಮಗನ ವಿಷಯದಲ್ಲಿ ನೀವೇ ಒಂದು ಸುಳಿವು ಕೊಟ್ಟಿದ್ದೀರಿ: ‘ಅವನ ಓದಿನ ಬಗ್ಗೆ, ಕೆಟ್ಟ ಸ್ನೇಹಿತರ ಬಗ್ಗೆ ಪ್ರತಿದಿನ ಅವನ ಎದುರಿಗೇ ಕಣ್ಣೀರಿನಿಂದ ಪ್ರಾರ್ಥಿಸುತ್ತೇನೆ.’ ಸಹೋದರರೇ, ಹದಿನೇಳರ ಹುಡುಗ ಅದನ್ನು ಪ್ರಾರ್ಥನೆಯೆಂದು ಕೇಳಿಸಿಕೊಳ್ಳುವುದಿಲ್ಲ. ದೇವರಿಗೆ ಹೇಳುವ ನೆಪದಲ್ಲಿ ಅಪ್ಪ ಬೈಯುತ್ತಿದ್ದಾನೆ, ತಾನು ತಿರುಗಿ ಮಾತಾಡಲೂ ಆಗದಂತೆ ಕಣ್ಣು ಮುಚ್ಚಿಸಿ ಕೂರಿಸಿ ಬೈಯುತ್ತಿದ್ದಾನೆ ಎಂದೇ ಅವನ ಲೆಕ್ಕ. ತಂದೆಗಳು ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗಿಸಬಾರದೆಂದು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿದೆ. ಅವನ ಅಂಕಗಳ ವಿಷಯವನ್ನು ಮತ್ತಾಯ ಆರನೆಯ ಅಧ್ಯಾಯ ಹೇಳುವಂತೆ ಒಳಗಿನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು ದೇವರಿಗೆ ಹೇಳಿ. ಅವನ ಎದುರಿಗೆ ಬೇಕಾದರೆ ನಿಮ್ಮ ಸ್ವಂತ ತಪ್ಪಿಗಾಗಿ ಪ್ರಾರ್ಥಿಸಿ. ಅದನ್ನು ಕೇಳಲು ಅವನು ಮಾಳಿಗೆಯಿಂದ ಇಳಿದು ಬಂದರೂ ಬಂದಾನು.

ನೇಮ ಹಿರಿಯರದು, ಬಿಡಲಾರೆ ಎನ್ನುತ್ತೀರಿ. ಆ ಹಿರಿಯರಿಗೆ ನೇಮ ಎಲ್ಲಿಂದ ಬಂತು ಎಂದು ಸ್ವಲ್ಪ ನೋಡೋಣ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಿಮ್ಮ ಬೆಟಗೇರಿಯಲ್ಲಿ ನೆಲೆಯೂರಿದರು. ಅವರಲ್ಲಿ ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯ ಭಕ್ತಿಪಂಥದ ಮನೆಗಳಿಂದ ಬಂದವರು. ದೇವಾಲಯದ ಆರಾಧನೆಯಷ್ಟೇ ಸಾಲದು, ಮನೆಯೊಳಗೂ ವಾಕ್ಯ ಓದಬೇಕು ಎಂಬುದು ಆ ಪಂಥದ ಹಟ. ಅದೇ ಪಂಥದ ಇನ್ನೊಂದು ಕವಲು ಸ್ಯಾಕ್ಸನಿಯ ಹೆರ್ನ್‌ಹುಟ್ ಗ್ರಾಮದಲ್ಲಿತ್ತು. 1728ರಿಂದ ಅಲ್ಲಿ ದಿನಕ್ಕೊಂದು ವಚನವನ್ನು ಆರಿಸಿ ಮನೆಮನೆಗೆ ಹೋಗಿ ಹೇಳಿಬರುವ ಪದ್ಧತಿ ಶುರುವಾಯಿತು. 1731ರಿಂದ ಇಡೀ ವರ್ಷದ ವಚನಗಳನ್ನು ಅಚ್ಚು ಹಾಕತೊಡಗಿದರು. ಒಂದೇ ಒಂದು ವಚನ, ಅದನ್ನು ಹೊಲಕ್ಕೂ ಮಗ್ಗಕ್ಕೂ ಹೊತ್ತುಕೊಂಡು ಹೋಗುವುದು. ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಎರಡು ಅಧ್ಯಾಯ, ಮೂರು ಹಾಡು, ಎಲ್ಲ ನೆಂಟರಿಗಾಗಿ ಬೇಡಿಕೆ – ನೀವೇ ಬರೆದಂತೆ ಮುಕ್ಕಾಲು ಗಂಟೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ಮಕ್ಕಳಿಗೆ ಯಾವಾಗ ಕಲಿಸಬೇಕೆಂದು ಹೇಳುತ್ತದೆ ನೋಡಿ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಬೆಳಿಗ್ಗೆ ರೈಲು ಅಣ್ಣಿಗೇರಿ ದಾಟುವಷ್ಟರಲ್ಲಿ ನೀವು ಇಡೀ ಅಧ್ಯಾಯ ಓದಿ ಮುಗಿಸಬಹುದು. ರಾತ್ರಿ ಮನೆಯವರೊಂದಿಗೆ ಹತ್ತು ನಿಮಿಷ ಸಾಕು.

ಇಲ್ಲಿಗೆ ನೀವು ಕೇಳಿದ್ದು ಮುಗಿಯಿತು. ಈಗ ನಾಲ್ಕನೆಯ ಪುಟ.

ಬಲಿಪೀಠಕ್ಕೆ ಕಾಣಿಕೆ ತಂದವನಿಗೆ, ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಎಂದು ಸ್ವಾಮಿ ಹೇಳಿದ್ದು ನಿಮಗೆ ಬಾಯಿಪಾಠವಿದ್ದೀತು. ಕೇಳುತ್ತಿದ್ದವರು ಗಲಿಲಾಯದವರು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಬಲಿಪೀಠವಿದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಆಚೆ, ನಡೆದು ಹೋದರೆ ದಿನಗಟ್ಟಲೆ ದಾರಿ. ಅಷ್ಟು ದೂರ ಹೊತ್ತು ತಂದದ್ದನ್ನು ಬಿಟ್ಟು, ಊರಿಗೆ ವಾಪಸು ಹೋಗಿ, ಅಣ್ಣತಮ್ಮಂದಿರು ಒಂದಾಗಿ, ಮತ್ತೆ ನಡೆದು ಬರಬೇಕು. ನಿಮ್ಮ ತಮ್ಮನ ಬಾಗಿಲು ಗೋಡೆಯ ಆಚೆಗಿದೆ. ತಪ್ಪು ಯಾರದು ಎಂಬ ವಿಚಾರಣೆಯೂ ಆ ಮಾತಿನಲ್ಲಿಲ್ಲ. ತಮ್ಮನದೇ ತಪ್ಪು ಇದ್ದೀತು, ಇಲ್ಲವೆನ್ನಲು ನಾನು ಯಾರು? ಆದರೆ ಪತ್ರ ಬರೆದವರು ನೀವು.

ದಶಮಾಂಶದ ವಿಷಯಕ್ಕೆ ನಾನು ಇನ್ನೂ ಖಾರವಾಗಬೇಕಾಗುತ್ತದೆ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಸ್ವಾಮಿ ಫರಿಸಾಯರೆಂಬ ಯೆಹೂದ್ಯ ನೇಮನಿಷ್ಠರನ್ನು ಗದರಿಸುವುದು ಇದೇ ಕಾರಣಕ್ಕೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು ಎಂದುಬಿಟ್ಟರೆ ಮಗನ ಹೊಣೆ ತೀರಿತು ಎಂಬ ಸಂಪ್ರದಾಯ ಅವರಲ್ಲಿತ್ತು. ಅದರಿಂದ ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತೀರಿ ಎನ್ನುತ್ತಾರೆ ಸ್ವಾಮಿ. ಕಟ್ಟಡ ನಿಧಿಗೆ ಕೊಡಬೇಡಿ ಎಂದು ನಾನು ಬರೆದರೆ ನಿಮ್ಮ ಸಭಾಪಾಲಕರು ನನ್ನ ಮೇಲೆ ಬೇಸರ ಮಾಡಿಕೊಂಡಾರು, ಮಾಡಿಕೊಳ್ಳಲಿ. ತಾಯಿಯ ಔಷಧಕ್ಕೆ ಒಂದು ರೂಪಾಯಿಯೂ ಹೋಗದ ತಿಂಗಳಲ್ಲಿ ಕಟ್ಟಡ ನಿಧಿಯ ರಸೀದಿ ನಿಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಹೆತ್ತವರನ್ನು ನೋಡಿಕೊಳ್ಳಿ ಎಂದು ಹೇಳಲು ಸರ್ಕಾರವೇ 2007ರಲ್ಲಿ ಕಾಯ್ದೆ ಮಾಡಬೇಕಾಯಿತು. ಅದು ಸತ್ಯವೇದ ಇಲ್ಲದ ಮನೆಗಳಿಗೆ ಮಾತ್ರ ಎಂದುಕೊಂಡಿರಾ?

ಪಾಲಿನ ಲೆಕ್ಕವನ್ನೂ ಸ್ವಲ್ಪ ನೋಡೋಣ. ಮನೆ ತಂದೆಯವರು ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು, ಉಯಿಲು ಬರೆದಿರಲಿಲ್ಲ ಎಂದಿದ್ದೀರಿ. ನಮ್ಮವರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ ಪ್ರಕಾರ ಆಸ್ತಿಯ ಮೂರರಲ್ಲಿ ಒಂದು ಪಾಲು ವಿಧವೆಗೆ. ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ನಿಮ್ಮ ಮನೆಯನ್ನು ಒಂಬತ್ತು ಭಾಗ ಮಾಡಿದರೆ ತಾಯಿಗೆ ಮೂರು, ನಿಮಗೆ ಎರಡು, ತಮ್ಮನಿಗೆ ಎರಡು, ಹಾವೇರಿಯ ತಂಗಿಗೆ ಎರಡು. ಮದುವೆಯಲ್ಲಿ ಕೊಟ್ಟ ಬಂಗಾರ ಆ ಎರಡು ಭಾಗವನ್ನು ಅಳಿಸುವುದಿಲ್ಲ. ನೀವಿಬ್ಬರೂ ನಾಲ್ಕೂವರೆ–ನಾಲ್ಕೂವರೆ ಹಂಚಿಕೊಂಡು, ಬಚ್ಚಲಿನ ಕಡೆಯ ಎರಡು ಅಡಿಗಾಗಿ ಮಾತು ಬಿಟ್ಟಿದ್ದೀರಿ. ಆ ಎರಡು ಅಡಿ ತಾಯಿಯದೋ ತಂಗಿಯದೋ ಆಗಿರುವ ಸಂಭವವೇ ಹೆಚ್ಚು! ಗದಗದಲ್ಲಿ ಒಳ್ಳೆಯ ವಕೀಲರಿಗೆ ಕಾಗದಪತ್ರ ತೋರಿಸಿ. ತಂಗಿ ನಿಜವಾಗಿ ತನಗೆ ಬೇಡವೆಂದರೆ ಅದು ಅವಳ ಬಾಯಿಂದ ಬರಲಿ, ಹಕ್ಕು ಬಿಡುಗಡೆ ಪತ್ರವಾಗಿ ಉಪನೋಂದಣಿ ಕಚೇರಿಯಲ್ಲಿ ದಾಖಲಾಗಲಿ.

ನಮ್ಮ ಸಭೆಗಳ ಮೊದಲ ತಲೆಮಾರಿಗೆ ಪಾಲು ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ವಿಶ್ವಾಸಕ್ಕೆ ಬಂದವನಿಗೆ ಹುಟ್ಟಿದ ಮನೆಯ ಹೊಸ್ತಿಲು ಮುಚ್ಚುತ್ತಿತ್ತು. ಮತ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗದು ಎಂಬ ಕಾಯ್ದೆ ಕಂಪನಿ ಸರ್ಕಾರದ ಸೀಮೆಗೆಲ್ಲ ಬಂದದ್ದು 1850ರಲ್ಲಿ. ಬೆಟಗೇರಿಯಲ್ಲಿ ಮಿಷನ್ ನೆಲೆಯೂರಿ ಆಗಲೇ ಒಂಬತ್ತು ವರ್ಷ. ಕಾಯ್ದೆ ಬಂದರೂ ಅಣ್ಣತಮ್ಮಂದಿರ ಮುನಿಸು ಕಾಯ್ದೆಗೆ ಬಗ್ಗುವಂಥದ್ದಲ್ಲ. ಪಾಲು ಹೋದರೂ ಹೋಗಲಿ ಎಂದು ಸತ್ಯವೇದ ಹಿಡಿದವರ ಮರಿಮಕ್ಕಳು ನಾವು.

ನಿಮ್ಮ ಬಾಗಿಲ ಮೇಲಿನ ವಚನವನ್ನು ಹೇಳಿದ ಯೆಹೋಶುವನ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವನ ಹೆಸರಿನ ಪುಸ್ತಕದ ದೊಡ್ಡದೊಂದು ಭಾಗ ನಾಡು ಹಂಚಿದ ಲೆಕ್ಕವೇ, ಓದುವವರಿಗೆ ನಿದ್ದೆ ಬರುವಷ್ಟು ಊರುಗಳ ಹೆಸರು. ಅದನ್ನು ದಾಟಿ 19ನೆಯ ಅಧ್ಯಾಯದ ಕೊನೆಗೆ ಹೋಗಿ. ಎಲ್ಲ ಕುಲಗಳಿಗೂ ಪಾಲು ಕೊಟ್ಟು ಮುಗಿದ ಮೇಲೆ, ಕಟ್ಟಕಡೆಯಲ್ಲಿ, ಯೆಹೋಶುವನಿಗೆ ಬೆಟ್ಟದ ಸೀಮೆಯಲ್ಲಿ ಒಂದು ಊರು ಸಿಕ್ಕಿತು. ಹಂಚುವ ಅಧಿಕಾರ ಕೈಯಲ್ಲಿದ್ದವನು ತನ್ನದನ್ನು ಕೊನೆಗೆ ತೆಗೆದುಕೊಂಡ. ‘ನಾನೂ ನನ್ನ ಮನೆಯವರೂ’ ಎಂದು ಅವನು ಜನರೆದುರು ಹೇಳಿದ್ದು ಇದಾದ ಮೇಲೆ, 24ನೆಯ ಅಧ್ಯಾಯದಲ್ಲಿ.

ಹೇಗೆ ಹೋಗುವುದು ಎಂದು ಕೇಳುತ್ತೀರಿ. ಪಾಲಿನ ಮಾತಿನಿಂದ ಶುರು ಮಾಡಬೇಡಿ. ಸಭೆಯ ಹಿರಿಯರನ್ನು ಕರೆದುಕೊಂಡು ಪಂಚಾಯಿತಿಯ ಗತ್ತಿನಲ್ಲಿ ಹೋಗಬೇಡಿ. ‘ಪ್ರಾರ್ಥನೆ ಮಾಡೋಣ ಬಾ’ ಎಂದಂತೂ ಖಂಡಿತ ಬೇಡ, ನಿಮ್ಮ ಪ್ರಾರ್ಥನೆ ಹೇಗಿರುತ್ತದೆಂದು ತಮ್ಮನಿಗೆ ಬಾಲ್ಯದಿಂದ ಗೊತ್ತು. ತಾಯಿಯ ಔಷಧದ ಚೀಟಿ ಕೇಳಿ, ಈ ತಿಂಗಳದ್ದನ್ನು ನೀವು ತಂದುಕೊಡಿ. ಅಷ್ಟು ಸಾಕು. ತಮ್ಮ ಬಾಗಿಲಲ್ಲೇ ನಿಲ್ಲಿಸಿದರೆ ಬಾಗಿಲಲ್ಲೇ ಕೊಟ್ಟು ಬನ್ನಿ, ಮುಂದಿನ ತಿಂಗಳು ಮತ್ತೆ ಹೋಗಿ. ಚೀಟಿಯಲ್ಲಿ ಏನಿದೆ ಎಂದು ತಿಳಿಯದಿದ್ದರೆ ನಿಮ್ಮ ಮನೆಯವರನ್ನು ಕೇಳಿ ನೋಡಿ. ಪಕ್ಕದ ಮನೆಯ ಉಂಡಿಯನ್ನು ಇಸಿದುಕೊಂಡವರು ಗೋಡೆಯ ಮೇಲಿಂದ ಅತ್ತೆಗೆ ಒಂದಿಷ್ಟು ಪಲ್ಯವನ್ನು ಈಗಾಗಲೇ ದಾಟಿಸುತ್ತಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ. ಎಂದಿನಿಂದ ಎಂದು ವಿಚಾರಣೆ ಮಾಡಬೇಡಿ.

ಪುಸ್ತಕದ ಮಾತು ಉಳಿಯಿತು. ಸದ್ಯಕ್ಕೆ ಬೇರೆ ಪುಸ್ತಕ ಬೇಡ, ಕೀರ್ತನೆಗಳೇ ನೂರೈವತ್ತಿವೆ, ರಾತ್ರಿಗೊಂದು ಚಿಕ್ಕದನ್ನು ಮಗನೇ ಓದಲಿ. ಸಹೋದರರು ಒಂದಾಗಿ ಬಾಳುವುದರ ಬಗ್ಗೆ ಇರುವ 133ನೆಯದು ಮೂರೇ ವಚನದ್ದು, ಅವನಿಗೆ ಇಷ್ಟವಾದೀತು. ಆದರೆ ಔಷಧ ತಲುಪಿಸುವವರೆಗೆ ಅದನ್ನು ಮಾತ್ರ ಅವನಿಂದ ಓದಿಸಬೇಡಿ, ಹುಡುಗರು ಇಂಥದ್ದನ್ನು ಬೇಗ ಹಿಡಿಯುತ್ತಾರೆ. ಹಾವೇರಿಗೆ ಫೋನ್ ಮಾಡಿದ ಮೇಲೆ ತಂಗಿ ಏನೆಂದರು ಎಂದು ನನಗೂ ತಿಳಿಸಿ.

– ಸಂಪಾದಕ