ಮಂಡಿನೋವಿಗೆ ಮೊದಲು ಅರೆಮಂಡಿ ನೋಡಿ

ಆರು ವರ್ಷದ ಮಗಳು ಭರತನಾಟ್ಯಕ್ಕೆ ಸೇರಿ ತಿಂಗಳಾಯಿತು, ಮಂಡಿನೋವು ಅಂತಾಳೆ, ಗೆಜ್ಜೆ ಈಗಲೇ ತರಬೇಕಾ ಎಂದು ಕೇಳಿದ್ದೀರಿ.

ಅವಳ ಅರೆಮಂಡಿಯನ್ನು, ಅಂದರೆ ಮಂಡಿಗಳನ್ನು ಬದಿಗೆ ಬಾಗಿಸಿ ಅರ್ಧ ಕೂರುವ ಭಂಗಿಯನ್ನು, ಎದುರಿನಿಂದ ನೋಡಿ. ಪಾದ ಬದಿಗೆ ತಿರುಗಿ ಮಂಡಿ ಮಾತ್ರ ಮುಂದಕ್ಕೆ ಇದ್ದರೆ ನೋವು ಹೆಚ್ಚಾಗಿ ಅಲ್ಲಿಂದಲೇ. ತಿರುವು ಸೊಂಟದ ಕೀಲಿನಿಂದ ಬರಬೇಕು, ಮಂಡಿ ಕಾಲ್ಬೆರಳುಗಳ ನೇರಕ್ಕೆ ನಿಲ್ಲಬೇಕು. ಸದ್ಯ ಪಾದವನ್ನು ಕಡಿಮೆ ತಿರುಗಿಸಲಿ, ಬೆನ್ನು ನೇರ ಉಳಿಯುವಷ್ಟೇ ಕೂರಲಿ. ಆಳ ನಿಧಾನಕ್ಕೆ ಬರುತ್ತದೆ, ಹೆಗಲು ಒತ್ತಿ ಕೂರಿಸಲೇಬೇಡಿ.

ಮನೆಯಲ್ಲಿ ದಿನಕ್ಕೆ 15 ನಿಮಿಷ ಸಾಕು. ಪಾದ ತಟ್ಟುವ ಮೂಲ ಹೆಜ್ಜೆಗಳಾದ ತಟ್ಟಡವಿನ ಮೊದಲನೆಯದು, ‘ತೈಯಾ ತೈ’, ಒಂದನೇ ಕಾಲದಲ್ಲೇ (ನಿಧಾನ ವೇಗದಲ್ಲೇ). ಪಾದ ಪೂರ್ತಿ ಒಟ್ಟಿಗೆ ನೆಲಕ್ಕೆ ತಾಗಬೇಕು. ಹಿಮ್ಮಡಿ ಮೊದಲು ಬಡಿದರೆ ಪೆಟ್ಟು ಮಂಡಿಗೇ. ಎರಡನೇ ಕಾಲಕ್ಕೆ (ದುಪ್ಪಟ್ಟು ವೇಗಕ್ಕೆ) ಹೋದಾಗ ಅರೆಮಂಡಿ ಬಿಟ್ಟು ಎದ್ದರೆ ಮತ್ತೆ ಒಂದಕ್ಕೇ ಬನ್ನಿ. ಮಂಗಳೂರಿನ ಮಳೆಗಾಲದಲ್ಲಿ ಟೈಲ್ಸ್ ನೆಲ ಬೆವರಿ ಜಾರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಬರಿಗಾಲಲ್ಲೇ ಮಾಡಲಿ.

ಗೆಜ್ಜೆ ಈಗ ಬೇಡ. ಬರಿಪಾದದ ಸದ್ದಿನಲ್ಲೇ ಹೆಜ್ಜೆಯ ತಪ್ಪು ಗೊತ್ತಾಗುವುದು. ಗೆಜ್ಜೆಪೂಜೆಗೆ (ಪೂಜೆ ಮಾಡಿ ಮೊದಲ ಸಲ ಗೆಜ್ಜೆ ಕಟ್ಟುವ ಕಾರ್ಯಕ್ರಮಕ್ಕೆ) ಮೊದಲು ಕಟ್ಟಲು ಬಿಡದ ಗುರುಗಳೂ ಇದ್ದಾರೆ, ನಿಮ್ಮ ಗುರುಗಳನ್ನೇ ಕೇಳಿ. ಸುಮ್ಮನೆ ಕೂತಾಗಲೂ ನೋವಿದ್ದರೆ ಅಥವಾ ಮಂಡಿ ಊದಿದ್ದರೆ ಅಭ್ಯಾಸ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ.