ಸಂಘ ಗೊತ್ತು ಮಾಡಿದ ರೇಟಿಗೆ ಸದಸ್ಯ ಬದ್ಧನೇ?

ಪತ್ರದ ಸಾರ: ತಾಲ್ಲೂಕು ಕೇಂದ್ರವೊಂದರಲ್ಲಿ ಆಫ್‌ಸೆಟ್ ಪ್ರೆಸ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೋರಿದ್ದಾರೆ. ಕಾಗದದ ಬೆಲೆ ಏರಿದ್ದರಿಂದ ಅಲ್ಲಿನ ಮುದ್ರಕರ ಸಂಘ ಬಿಲ್ ಬುಕ್, ಲಗ್ನಪತ್ರಿಕೆ, ಕರಪತ್ರಗಳಿಗೆ ಕನಿಷ್ಠ ದರ ಗೊತ್ತು ಮಾಡಿದೆ. ಅದಕ್ಕಿಂತ ಕಡಿಮೆಗೆ ಮಾಡಿಕೊಟ್ಟವರಿಗೆ ದಂಡ. ಮತ್ತೆ ಹಾಗೆ ಮಾಡಿದರೆ ಡೀಲರ್‌ಗೆ ಹೇಳಿ ಪೇಪರ್ ನಿಲ್ಲಿಸುವುದಂತೆ. ಶಾಲೆ, ಪಂಚಾಯಿತಿ ಕೆಲಸಗಳಿಗೆ ಒಬ್ಬರಿಗೊಬ್ಬರು ಲೆಟರ್‌ಹೆಡ್ ಕೊಟ್ಟು ಸಹಕರಿಸಬೇಕು ಎಂಬ ಮಾತೂ ಆಗಿದೆ. ‘ಒಪ್ಪದಿದ್ದರೆ ಸಂಘಕ್ಕೆ ದ್ರೋಹ ಮಾಡಿದಂತಾಗುತ್ತದೆಯೇ?’ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಆಗುವುದಿಲ್ಲ. ಆ ನಿರ್ಣಯವೇ ಕಾನೂನಿಗೆ ವಿರುದ್ಧ. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮು ಒಂದೇ ವ್ಯಾಪಾರದವರು ಸೇರಿ ಬೆಲೆ ಗೊತ್ತು ಮಾಡುವುದು, ಪೂರೈಕೆ ತಡೆಯುವುದು, ಗಿರಾಕಿಗಳನ್ನೋ ಊರುಗಳನ್ನೋ ಹಂಚಿಕೊಳ್ಳುವುದು, ಟೆಂಡರ್‌ನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದು ಈ ನಾಲ್ಕನ್ನೂ ಹೆಸರಿಸಿ ನಿಷೇಧಿಸಿದೆ. ಸಂಘದ ನಿರ್ಣಯವೂ ಅದರ ವ್ಯಾಪ್ತಿಗೆ ಬರುತ್ತದೆ. ಇಂಥ ಒಪ್ಪಂದದಿಂದ ಪೈಪೋಟಿಗೆ ಹಾನಿಯಾಗಿದೆ ಎಂದೇ ಕಾನೂನು ಭಾವಿಸುತ್ತದೆ, ಹಾಗಾಗಿಲ್ಲ ಎಂದು ತೋರಿಸುವ ಹೊಣೆ ಸಂಘದ ಮೇಲೆ ಬೀಳುತ್ತದೆ. ‘ನಮ್ಮದು ಸಣ್ಣ ಊರು, ಲಾಭ ಮಾಡುವ ಸಂಘವಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಕನ್ನಡ ಡಬ್ಬಿಂಗ್ ತಡೆದ ವಿಷಯದಲ್ಲಿ, ಈ ಕಾಯ್ದೆಯನ್ನು ಜಾರಿ ಮಾಡುವ ಸ್ಪರ್ಧಾ ಆಯೋಗ 2015ರಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ವಿರುದ್ಧ ಆದೇಶ ಹೊರಡಿಸಿ ದಂಡ ಹಾಕಿದ್ದು ನೆನಪಿರಬಹುದು. ಭಾಷೆಯ ಮೇಲಿನ ಕಾಳಜಿ ಎಂಬ ವಾದಕ್ಕೂ ಅಲ್ಲಿ ರಿಯಾಯಿತಿ ಸಿಗಲಿಲ್ಲ. 48ನೇ ಕಲಮಿನ ಪ್ರಕಾರ ತಪ್ಪಿಗೆ ಕಾರಣರಾದ ಪದಾಧಿಕಾರಿಗಳು ವೈಯಕ್ತಿಕವಾಗಿಯೂ ಹೊಣೆಗಾರರಾಗುತ್ತಾರೆ. ಇದನ್ನು ನಿಮ್ಮ ಅಧ್ಯಕ್ಷರಿಗೆ ಯಾರಾದರೂ ಹೇಳಲೇಬೇಕು.

ಲೆಟರ್‌ಹೆಡ್ ವಿಷಯ ಇನ್ನೂ ಗಂಭೀರ. ನಮ್ಮ ಕಸುಬಿನಲ್ಲಿ ಇದು ಎಷ್ಟು ರೂಢಿಯಾಗಿದೆಯೆಂದರೆ ಅನೇಕರಿಗೆ ಇದು ತಪ್ಪು ಎಂದೇ ಅನಿಸುವುದಿಲ್ಲ. ಶಾಲೆ, ಪಂಚಾಯಿತಿಯವರು ಮೂರು ಪ್ರೆಸ್‌ಗಳ ಕೊಟೇಶನ್ (ದರಪತ್ರ) ಕೇಳಿದರೆ, ಉಳಿದಿಬ್ಬರ ಲೆಟರ್‌ಹೆಡ್ ಪಡೆದು ಮೂರನ್ನೂ ಒಬ್ಬರೇ ಟೈಪ್ ಮಾಡುತ್ತಾರೆ. ಆಡಿಟ್‌ನವರಿಗೆ ಅದು ಕಂಡೇ ಕಾಣುತ್ತದೆ: ಮೂರರಲ್ಲೂ ಒಂದೇ ಕಡೆ ಒಂದೇ ಕಾಗುಣಿತ ತಪ್ಪು, ಒಂದೇ ಫಾಂಟು, ಪ್ರತಿ ಐಟಂಗೂ ಸರಿಯಾಗಿ ಐವತ್ತು ಪೈಸೆಯದೇ ವ್ಯತ್ಯಾಸ. ಸೀಲು ನಿಮ್ಮದು, ಸಹಿ ನಿಮ್ಮದು, ಕೆಲಸ ಮಾತ್ರ ಇನ್ನೊಬ್ಬರದು. ಸಿಕ್ಕಿಬಿದ್ದ ದಿನ ಉತ್ತರ ಕೊಡಬೇಕಾದವರು ನೀವೇ. ಸ್ನೇಹಿತರೇ ಕೇಳಿದರೂ ಖಾಲಿ ಲೆಟರ್‌ಹೆಡ್ ಕೊಡಬೇಡಿ. ಕೆಲಸ ಬೇಕಿದ್ದರೆ ನಿಮ್ಮ ನಿಜವಾದ ದರ ಕೊಡಿ, ಬೇಡವಾದರೆ ಕೊಟೇಶನ್ ಹಾಕಲೇಬೇಡಿ.

ಸಂಘದವರ ಸಂಕಟ ನಮಗೆ ಅರ್ಥವಾಗುತ್ತದೆ. ಅಸಲೂ ಗಿಟ್ಟದ ರೇಟಿಗೆ ಕೆಲಸ ಒಪ್ಪಿಕೊಂಡು ಕೊನೆಗೆ ಷಟರ್ ಎಳೆದವರು ಎಲ್ಲ ಊರಲ್ಲೂ ಇದ್ದಾರೆ. ಅದಕ್ಕೆ ಮುಖ್ಯ ಕಾರಣ ತಪ್ಪು ಲೆಕ್ಕ. ಬಾಡಿಗೆ, ಕರೆಂಟು, ಸಂಬಳ, ಸಾಲದ ಕಂತು ಸೇರಿ ತಿಂಗಳಿಗೆ 1,20,000 ರೂಪಾಯಿ ಖರ್ಚು ಎಂದುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆಗೆ ಭಾಗಿಸಿದರೆ ಗಂಟೆಗೆ 577 ರೂಪಾಯಿ ಬರುತ್ತದೆ. ಆದರೆ ಪ್ಲೇಟ್ ಕಟ್ಟುವುದು, ಬಣ್ಣ ಕೂರಿಸುವುದು, ರೋಲರ್ ತೊಳೆಯುವುದು, ಕರೆಂಟ್ ಹೋಗುವುದು ಎಲ್ಲ ಕಳೆದು ಮೆಷಿನ್ ನಿಜಕ್ಕೂ ಓಡಿದ್ದು 120 ಗಂಟೆಯಾದರೆ ಖರ್ಚು ಗಂಟೆಗೆ 1,000 ರೂಪಾಯಿ. ಸಂಘ ಈ ಲೆಕ್ಕ ಹಾಕುವ ವಿಧಾನವನ್ನು ಕಲಿಸಲಿ, ಅದಕ್ಕೆ ಅಡ್ಡಿಯಿಲ್ಲ. ಅಂಕಿಗಳನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಪ್ರೆಸ್‌ನಲ್ಲಿ ಕೂತು ತುಂಬಿಕೊಳ್ಳಬೇಕು, ಬಂದ ದರವನ್ನು ಸಭೆಯಲ್ಲಿ ಹೇಳಬಾರದು.

ಸದಸ್ಯರ ನಡತೆಗೆ ನಿಯಮ ಬೇಕೇ ಬೇಕು ಎಂದರೆ ಕಾಗದದ ತೂಕದಿಂದ ಶುರು ಮಾಡಲಿ. 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದಕ್ಕೆ ಇಷ್ಟು ಗ್ರಾಂ ಎಂಬ ಅಳತೆ) ಎಂದು ಬಿಲ್ ಬರೆದು 60ರಲ್ಲಿ ಹೊಡೆದುಕೊಡುವುದು ನಮ್ಮ ಕಸುಬಿನ ದೊಡ್ಡ ಕಳಂಕ. 23x36 ಇಂಚಿನ 500 ಹಾಳೆಯ ರೀಮು 70 ಜಿಎಸ್‌ಎಂ ಆದರೆ ಸುಮಾರು 18.7 ಕಿಲೋ ತೂಗಬೇಕು, 60 ಆದರೆ 16 ಕಿಲೋ. ರೀಮಿಗೆ 2.7 ಕಿಲೋ ಕಾಗದದ ದುಡ್ಡು ಗಿರಾಕಿಯ ಜೇಬಿನಿಂದ ಹೋಯಿತು. ಪರೀಕ್ಷೆ ಸುಲಭ. 10 ಸೆಂ.ಮೀ. ಚೌಕದ ಹತ್ತು ತುಂಡು ಕತ್ತರಿಸಿ ಚಿನ್ನದ ಅಂಗಡಿಯ ತಕ್ಕಡಿಯಲ್ಲಿಡಿ. 70 ಜಿಎಸ್‌ಎಂಗೆ 7 ಗ್ರಾಂ, 60ಕ್ಕೆ 6 ಗ್ರಾಂ. ಮಳೆಗಾಲದ ತೇವಕ್ಕೆ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು, ಆದರೆ ಇಡೀ ಒಂದು ಗ್ರಾಂ ವ್ಯತ್ಯಾಸ ತೇವದಿಂದ ಬರುವುದಿಲ್ಲ. ಬಿಲ್ ಬುಕ್‌ನಲ್ಲಿ 50 ಸೆಟ್ ಎಂದು ಹೇಳಿ 48 ಇಡುವುದೂ ಇದೇ ಜಾತಿಯ ಮೋಸ.

ಚುನಾವಣೆ ಕರಪತ್ರದಲ್ಲೂ ಸದಸ್ಯರಿಗೆ ಎಚ್ಚರ ಹೇಳಬೇಕು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಂತೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಅದರ ಮೇಲೆ ಇರಲೇಬೇಕು. ಮಾಡಿಸುವವರಿಂದ ಇಬ್ಬರು ಪರಿಚಿತರು ದೃಢೀಕರಿಸಿದ ಘೋಷಣೆಯನ್ನು ಎರಡು ಪ್ರತಿ ಪಡೆಯಬೇಕು, ಒಂದನ್ನು ಮುದ್ರಿಸಿದ ಪ್ರತಿಯೊಂದಿಗೆ ಜಿಲ್ಲಾ ದಂಡಾಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈಗ ನೀವು ಮಾಡಬೇಕಾದ್ದು. ಮುಂದಿನ ಸಭೆಯ ವಿಷಯಪಟ್ಟಿಯನ್ನು ಮೊದಲೇ ಕೇಳಿ ತರಿಸಿಕೊಳ್ಳಿ. ರೇಟಿನ ಮಾತು ಬಂದ ಕೂಡಲೇ ಎದ್ದು ನಿಂತು ಆಕ್ಷೇಪ ಹೇಳಿ, ನಡಾವಳಿಯಲ್ಲಿ ಬರೆಸಿ, ಹೊರಗೆ ಬನ್ನಿ. ಸುಮ್ಮನೆ ಕೂತು ಬಂದರೆ ಒಪ್ಪಿದಿರಿ ಎಂದೇ ಅರ್ಥವಾಗಬಹುದು. ಮರುದಿನವೇ ಕಾರ್ಯದರ್ಶಿಗೆ ಸ್ಪೀಡ್ ಪೋಸ್ಟ್‌ನಲ್ಲಿ ‘ದರ ನಿಗದಿಯ ನಿರ್ಣಯಕ್ಕೆ ನನ್ನ ಒಪ್ಪಿಗೆ ಇಲ್ಲ, ನನ್ನ ದರ ನಾನೇ ನಿರ್ಧರಿಸುತ್ತೇನೆ’ ಎಂದು ಎರಡು ಸಾಲು ಬರೆಯಿರಿ. ವಾಟ್ಸಾಪ್ ಗ್ರೂಪಿನಲ್ಲಿ ದರಪಟ್ಟಿ ಬಂದರೆ ಹೆಬ್ಬೆರಳು ಒತ್ತಬೇಡಿ, ಬಂದ ಮೆಸೇಜನ್ನು ಅಳಿಸಲೂ ಬೇಡಿ. ಈಗಾಗಲೇ ಆ ಪಟ್ಟಿಯಂತೆ ಬಿಲ್ ಮಾಡಿದ್ದರೆ ವಕೀಲರನ್ನು ಕಾಣಿ. ಒಪ್ಪಂದದ ವಿಷಯವನ್ನು ಆಯೋಗಕ್ಕೆ ತಾವಾಗಿ ಪೂರ್ತಿ ತಿಳಿಸಿದವರ ದಂಡ ಕಡಿಮೆ ಮಾಡಲು 46ನೇ ಕಲಮಿನಲ್ಲಿ ಅವಕಾಶವಿದೆ, ಮೊದಲು ಹೋದವರಿಗೆ ಹೆಚ್ಚು ವಿನಾಯಿತಿ.

ಪೇಪರ್ ನಿಲ್ಲಿಸುತ್ತೇವೆ ಎಂಬ ಬೆದರಿಕೆಗೆ ಹೆದರಬೇಡಿ. ಪಕ್ಕದ ಜಿಲ್ಲೆಯ ಇನ್ನೊಬ್ಬ ಡೀಲರ್ ಬಳಿ ಈಗಲೇ ಖಾತೆ ತೆರೆದಿಡಿ. ಈಗಿನ ಡೀಲರ್ ಮಾಲು ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ‘ಸಂಘದವರು ಬೇಡ ಅಂದಿದ್ದಾರೆ’ ಎಂದರೆ ತಾರೀಖು, ಹೊತ್ತು, ಹೇಳಿದವರ ಹೆಸರು ಅಂದೇ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.