ಎಚ್‌ಒಎ ತಪಾಸಣೆಗೆ ಮುಂಚೆ ಮನೆಯ ಹೊರಗೆ ಯಾವ ಕೆಲಸ ಮೊದಲು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಮೆರಿಕದಲ್ಲಿ ಹಿಮ ಬೀಳುವ ಕಡೆ ಮೊದಲ ಸಲ ಸ್ವಂತ ಮನೆ, ಎಚ್‌ಒಎಯ (ಬಡಾವಣೆಯ ಮನೆ ಮಾಲೀಕರ ಸಂಘದ) ಸ್ಪ್ರಿಂಗ್ ನ್ಯೂಸ್‌ಲೆಟರ್‌ನಲ್ಲಿ ಮೇ ತಿಂಗಳ ತಪಾಸಣೆಯ ಸೂಚನೆ, ಕೈಯಲ್ಲಿರುವುದು ನಾಲ್ಕೈದು ವಾರಾಂತ್ಯ.

ತಪಾಸಣೆಗೆ ಬರುವವರು ಸಾಮಾನ್ಯವಾಗಿ ರಸ್ತೆಯಿಂದ ಕಾಣುವುದನ್ನಷ್ಟೇ ಗುರುತು ಹಾಕಿಕೊಳ್ಳುತ್ತಾರೆ. ಸೈಡಿಂಗ್ (ಹೊರಗೋಡೆಯ ಹಲಗೆ ಹೊದಿಕೆ) ಮೇಲಿನ ಪಾಚಿ, ಎದ್ದ ಬಣ್ಣ, ವಾಲಿದ ಮೇಲ್‌ಬಾಕ್ಸ್, ಲಾನ್‌ನಲ್ಲಿ ಕಳೆ, ಹೊರಗೇ ಉಳಿದ ಕಸದ ಡಬ್ಬಿ. ಅದಕ್ಕೆ ಹೆದರಿ ಬಣ್ಣದ ಡಬ್ಬಿ ತರಲು ಓಡಬೇಡಿ. ಚಳಿಗಾಲದಲ್ಲಿ ಆದ ದುಬಾರಿ ಹಾನಿ ಬಹುಪಾಲು ನೀರು ಹೋಗುವ ದಾರಿಯಲ್ಲಿರುತ್ತದೆ, ಅದು ರಸ್ತೆಗೆ ಕಾಣುವುದಿಲ್ಲ. ಆದ್ದರಿಂದ ನಾನು ಹೇಳುವ ಸರದಿ: ಕಾಗದ, ನೀರು, ಆಮೇಲೆ ಅಂದಚಂದ.

ಕಾಗದ ಮೊದಲು ಯಾಕೆಂದರೆ ಅದಕ್ಕೇ ಹೆಚ್ಚು ದಿನ ಹಿಡಿಯುತ್ತದೆ. ಮನೆ ಕೊಳ್ಳುವಾಗ ಕೊಟ್ಟ ಸಿಸಿ ಆ್ಯಂಡ್ ಆರ್ ದಾಖಲೆಯಲ್ಲಿ (ಎಚ್‌ಒಎಯ ಷರತ್ತು, ನಿರ್ಬಂಧಗಳ ಪತ್ರ) ಯಾವ ಭಾಗದ ನಿರ್ವಹಣೆ ಯಾರದ್ದು ಎಂದು ಬರೆದಿರುತ್ತದೆ. ಟೌನ್‌ಹೋಮ್ (ಪಕ್ಕದ ಮನೆಗೆ ಗೋಡೆ ಅಂಟಿದ ಮನೆ) ಆದರೆ ಚಾವಣಿ, ಗಟರ್ (ಚಾವಣಿಯಂಚಿನ ಮಳೆನೀರಿನ ದೋಣಿ) ಅಸೋಸಿಯೇಷನ್‌ನದ್ದೇ ಇರಬಹುದು. ನೀವೇ ಮಾಡಿಸಿ ಬಿಲ್ ಕಳಿಸಿದರೆ ಹಣ ವಾಪಸ್ ಬರುವ ಭರವಸೆಯಿಲ್ಲ. ಬಣ್ಣ, ಬೇಲಿ, ಡೆಕ್, ಮರ ಕಡಿಯುವುದು, ಇವಕ್ಕೆ ಎಚ್‌ಒಎಯ ಆರ್ಕಿಟೆಕ್ಚರಲ್ ಕಮಿಟಿಯ (ಮನೆಯ ಹೊರನೋಟದ ಬದಲಾವಣೆ ನೋಡುವ ಸಮಿತಿಯ) ಒಪ್ಪಿಗೆ ಬೇಕಾಗುವುದೇ ಹೆಚ್ಚು. ಕೆಲವು ಕಡೆ ಇದ್ದ ಬಣ್ಣವನ್ನೇ ಮತ್ತೆ ಬಳಿಯುವುದಕ್ಕೂ ಅರ್ಜಿ ಹಾಕಬೇಕು. ಉತ್ತರ ಕೊಡಲು 30ರಿಂದ 60 ದಿನದವರೆಗೆ ಅವಕಾಶ ಇಟ್ಟುಕೊಂಡಿರುತ್ತಾರೆ, ಹಾಗಾಗಿ ಇವತ್ತೇ ಕಳಿಸಿ. ಬಣ್ಣದ ಕಂಪನಿ ಮತ್ತು ಕೋಡ್ ಸಂಖ್ಯೆ, ಅಳತೆ ಇರುವ ನಕ್ಷೆ, ಕಂಟ್ರಾಕ್ಟರ್‌ನ ವಿಮೆಯ ಪ್ರತಿ ಜೊತೆಗಿರಲಿ. ಬೋರ್ಡ್ ಸದಸ್ಯರೊಬ್ಬರು ವಾಕಿಂಗ್‌ನಲ್ಲಿ ಸಿಕ್ಕಿ ‘ಪರವಾಗಿಲ್ಲ, ಮಾಡಿಸಿ’ ಅಂದರೆ ಅದು ಒಪ್ಪಿಗೆ ಅಲ್ಲ.

ಇನ್ನು ನೀರು. ಹೊರಗಿನ ನಲ್ಲಿಗೆ ಚಳಿಗಾಲವಿಡೀ ಹೋಸ್ ಸಿಕ್ಕಿಸಿಯೇ ಬಿಟ್ಟಿದ್ದರೆ, ಫ್ರಾಸ್ಟ್-ಫ್ರೀ (ಹೆಪ್ಪುಗಟ್ಟದಂತೆ ವಾಲ್ವ್ ಗೋಡೆಯೊಳಗಿರುವ) ನಲ್ಲಿಯಾದರೂ ಒಳಗೆ ನಿಂತ ನೀರು ಹೆಪ್ಪುಗಟ್ಟಿ ಪೈಪ್ ಸೀಳಿರಬಹುದು. ಸೀಳು ವಾಲ್ವ್ ದಾಟಿದ ಮೇಲಿನ ಭಾಗದಲ್ಲಿರುವುದರಿಂದ ನಲ್ಲಿ ಮುಚ್ಚಿದ್ದಾಗ ಒಂದು ಹನಿಯೂ ಸೋರುವುದಿಲ್ಲ, ತೆರೆದಾಗಲೇ ಬೇಸ್‌ಮೆಂಟ್ ಒದ್ದೆಯಾಗುವುದು. ನಲ್ಲಿ ಪೂರ್ತಿ ತಿರುಗಿಸಿ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ನೀರು ಸುಲಭವಾಗಿ ನಿಂತುಬಿಟ್ಟರೆ ಅನುಮಾನ ಪಡಿ. ಅದೇ ಹೊತ್ತಿಗೆ ಒಳಗಡೆ ಇನ್ನೊಬ್ಬರು ಟಾರ್ಚ್ ಹಿಡಿದು ಗೋಡೆ ನೋಡುತ್ತಿರಲಿ.

ಸ್ಪ್ರಿಂಕ್ಲರ್ ಇದ್ದರೆ ಮೇನ್ ವಾಲ್ವ್ ಒಮ್ಮೆಲೇ ತೆರೆಯಬೇಡಿ. ಖಾಲಿ ಪೈಪಿಗೆ ನುಗ್ಗಿದ ನೀರಿನ ಹೊಡೆತಕ್ಕೆ ಫಿಟಿಂಗ್‌ಗಳು ಬಿಡುತ್ತವೆ. ಕಾಲು ಸುತ್ತು ತಿರುಗಿಸಿ, ಗಾಳಿ ಹೊರಹೋಗಿ ಶಬ್ದ ನಿಲ್ಲುವವರೆಗೆ ಕಾದು, ಮುಂದಕ್ಕೆ ತಿರುಗಿಸಿ. ಬ್ಯಾಕ್‌ಫ್ಲೋ ಸಾಧನವನ್ನು (ಸ್ಪ್ರಿಂಕ್ಲರ್ ನೀರು ಕುಡಿಯುವ ನೀರಿನ ಕೊಳವೆಗೆ ಹಿಮ್ಮುಖವಾಗಿ ಹರಿಯದಂತೆ ತಡೆಯುವುದು) ಪ್ರತಿ ವರ್ಷ ಪ್ರಮಾಣಪತ್ರ ಪಡೆದ ಪರೀಕ್ಷಕರಿಂದ ಪರೀಕ್ಷಿಸಲೇಬೇಕೆಂಬ ನಿಯಮ ಅನೇಕ ಊರುಗಳಲ್ಲಿದೆ. ಅದು ಎಚ್‌ಒಎ ನಿಯಮವಲ್ಲ, ನೀರಿನ ಇಲಾಖೆಯದ್ದು.

ಗಟರ್ ಶುಚಿ ಮಾಡಿದ ಮೇಲೆ ಡೌನ್‌ಸ್ಪೌಟ್‌ನ (ಗಟರ್‌ನಿಂದ ಕೆಳಗಿಳಿಯುವ ಕೊಳವೆಯ) ನೀರು ಗೋಡೆಯಿಂದ ಕನಿಷ್ಠ 4ರಿಂದ 6 ಅಡಿ ಆಚೆ ಬೀಳಬೇಕು. ಗೋಡೆಯ ಸುತ್ತಲಿನ ಮಣ್ಣು ಮೊದಲ 10 ಅಡಿಯಲ್ಲಿ 6 ಇಂಚು ಇಳಿಜಾರಿರಬೇಕು. ಚಳಿಗಾಲದ ನಂತರ ಮಣ್ಣು ಕುಸಿದು ಇಳಿಜಾರು ಮನೆಯ ಕಡೆಗೇ ತಿರುಗಿರುವುದು ಬಹಳ ಸಾಮಾನ್ಯ. ಸಂಪ್ ಪಂಪ್ (ಬೇಸ್‌ಮೆಂಟ್ ಗುಂಡಿಯಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪ್) ಇದ್ದರೆ ಅದರ ಗುಂಡಿಗೆ ಒಂದು ದೊಡ್ಡ ಬಕೆಟ್ ನೀರು ಸುರಿದು ಫ್ಲೋಟ್ ಮೇಲೇಳುತ್ತದೆಯೇ, ಮೋಟಾರ್ ಓಡಿ ಮತ್ತೆ ನಿಲ್ಲುತ್ತದೆಯೇ ನೋಡಿ.

ಅಂದಚಂದಕ್ಕೆ ಬರೋಣ. ಮನೆಯ ಉತ್ತರ ಭಾಗದ ವಿನೈಲ್ ಸೈಡಿಂಗ್ ಮೇಲಿನ ಹಸಿರು ಪಾಚಿಗೆ ಮೂರು ಪಾಲು ವಿನೆಗರ್, ಏಳು ಪಾಲು ನೀರು, ಒಂದು ಮೆತ್ತನೆಯ ಬ್ರಷ್ ಸಾಕು. ಪ್ರೆಷರ್ ವಾಷರ್ ಹಿಡಿಯಲೇಬೇಕೆಂದರೆ ಕೆಳಗಿನಿಂದ ಮೇಲಕ್ಕೆ ಹೊಡೆಯಬೇಡಿ, ಹಲಗೆಗಳ ಸಂದಿಯಲ್ಲಿ ನೀರು ಗೋಡೆಯೊಳಗೆ ಹೋಗುತ್ತದೆ.

ಲಾನ್ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಮೊಳೆಯದಂತೆ ತಡೆಯುವ ಪ್ರಿ-ಎಮರ್ಜೆಂಟ್ ಹರಳನ್ನು ಕ್ಯಾಲೆಂಡರ್ ನೋಡಿ ಹಾಕುವುದಲ್ಲ. ಮಣ್ಣಿನ ಉಷ್ಣತೆ ಕೆಲವು ದಿನ ಸತತವಾಗಿ 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಹಾಕಬೇಕು. ಫೊರ್ಸಿತಿಯಾ ಪೊದೆ ಹಳದಿ ಹೂ ಬಿಡುವುದೂ ಹೆಚ್ಚುಕಡಿಮೆ ಆಗಲೇ. ಅದೇ ವಾರ ಬೋಳು ಜಾಗಕ್ಕೆ ಹುಲ್ಲಿನ ಬೀಜ ಚೆಲ್ಲಿದರೆ ಬೀಜ ದಂಡ, ಯಾಕೆಂದರೆ ಈ ಔಷಧಿಗಳಲ್ಲಿ ಹೆಚ್ಚಿನವು ಕಳೆಯ ಬೀಜ, ಒಳ್ಳೆಯ ಬೀಜ ಎಂದು ಭೇದ ಮಾಡುವುದಿಲ್ಲ. ಬಿತ್ತನೆಯನ್ನು ಶರತ್ಕಾಲದ ಆರಂಭಕ್ಕೆ ಇಟ್ಟುಕೊಳ್ಳಿ. ಹುಲ್ಲನ್ನು 3 ಇಂಚಿಗಿಂತ ಗಿಡ್ಡ ಕತ್ತರಿಸಬೇಡಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ.

ಗಿಡಗಳ ಬುಡದ ಮಣ್ಣಿಗೆ ಹೊದಿಸುವ ಮಲ್ಚ್ (ಮರದ ಚೂರು) 2ರಿಂದ 3 ಇಂಚು ಸಾಕು. 2 ಘನ ಅಡಿಯ ಒಂದು ಚೀಲ 3 ಇಂಚು ದಪ್ಪಕ್ಕೆ 8 ಚದರ ಅಡಿಯಷ್ಟೇ ಬರುತ್ತದೆ, ಲೆಕ್ಕ ಹಾಕಿಯೇ ತನ್ನಿ. ಕಾಂಡದ ಸುತ್ತ ಹುತ್ತದ ಹಾಗೆ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ (ಲ್ಯಾಂಡ್‌ಸ್ಕೇಪ್ ಕಂಪನಿಯವರೂ ಇದನ್ನು ಮಾಡುತ್ತಾರೆ, ಹಾಗೆ ಮಾಡಲು ಬಿಡಬೇಡಿ). ಸೈಡಿಂಗ್‌ಗೆ ತಾಗದಂತೆ ಕೆಲವು ಇಂಚು ಜಾಗ ಬಿಡಿ.

ಮೇಲ್‌ಬಾಕ್ಸ್ ಕಂಬ ನೆಡಲಿ, ಗಿಡ ನೆಡಲಿ, ಅಗೆಯುವ ಕೆಲವು ದಿನ ಮುಂಚೆ 811ಕ್ಕೆ (ನೆಲದಡಿಯ ತಂತಿ, ಪೈಪ್‌ಗಳನ್ನು ಗುರುತಿಸಿಕೊಡುವ ಸೇವೆ) ಫೋನ್ ಮಾಡಿ. ಖರ್ಚಿಲ್ಲ. ಅವರು ಬಂದು ಬಣ್ಣದ ಗುರುತು ಹಾಕುತ್ತಾರೆ: ಕೆಂಪು ಕರೆಂಟ್, ಹಳದಿ ಗ್ಯಾಸ್, ನೀಲಿ ಕುಡಿಯುವ ನೀರು, ಕಿತ್ತಳೆ ಫೋನ್ ಮತ್ತು ಇಂಟರ್ನೆಟ್.

ಇಷ್ಟಾಗಿಯೂ ನೋಟಿಸ್ ಬಂದರೆ ಅದರಲ್ಲಿ ಸರಿಪಡಿಸಲು ಕೊಟ್ಟ ಕೊನೆಯ ದಿನಾಂಕ ನೋಡಿ, ಅದಕ್ಕೂ ಮುಂಚೆ ಇಮೇಲ್‌ನಲ್ಲಿ ಉತ್ತರಿಸಿ. ಆದ ಕೆಲಸದ ಫೋಟೊ, ಆಗದ್ದಕ್ಕೆ ಕಂಟ್ರಾಕ್ಟರ್ ಕೊಟ್ಟ ತಾರೀಕು ಎರಡನ್ನೂ ಸೇರಿಸಿ ಇನ್ನಷ್ಟು ದಿನ ಬೇಕೆಂದು ಕೇಳಿ. ಸುಮ್ಮನಿದ್ದವರಿಗೇ ಮುಂದೆ ದಂಡದ ಕಾಗದ ಬರುವುದು.